ಎಂಟರ ಆಫೀಸು, ಕೂಸಿನ ನಿದ್ದೆ

ಮಾರ್ಚ್ ಮುಗಿಯುತ್ತಾ ಬಂದಂತೆ ಹೊಸಪೇಟೆಯ ಸರ್ಕಾರಿ ನೌಕರರ ಮನೆಗಳಲ್ಲಿ ಒಂದೇ ಮಾತು: "ಆರ್ಡರ್ ಬಂತೇನು?" ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಬೇಸಿಗೆಯಲ್ಲಿ ಹೊರಡುವ ಆದೇಶ ಅದು. ಏಪ್ರಿಲ್, ಮೇ ಎರಡು ತಿಂಗಳು ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲು ನೆತ್ತಿಯ ಮೇಲಿದ್ದಾಗ ಜನ ಅಲೆಯದಿರಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಹತ್ತಕ್ಕೆ ಹೋಗುತ್ತಿದ್ದ ತಾಯಿ ಎಂಟಕ್ಕೆ ಹೋಗಬೇಕು, ಅಷ್ಟೇ. ಆದರೆ ಆ ಮನೆಯಲ್ಲಿ ಹತ್ತು ತಿಂಗಳ ಕೂಸೊಂದಿದ್ದರೆ?

ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ಒಂದು ಗಂಟೆಗಾಗಿ ಅಲ್ಲಿನ ತಾಯಂದಿರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರ ಒಂದು ಗಂಟೆ ಮುಂದೆ ಓಡಿದ್ದುಂಟು. ಈಗ ಗೋಡೆಯ ಮೇಲಿನ ಮುಳ್ಳು ಇದ್ದಲ್ಲೇ ಇರುತ್ತದೆ, ಮನೆಯ ದಿನಚರಿ ಮಾತ್ರ ಒಂದೇ ರಾತ್ರಿಯಲ್ಲಿ ಎರಡು ಗಂಟೆ ಸರಿಯುತ್ತದೆ.

ಏಪ್ರಿಲ್ 1ರ ಮುಂಜಾನೆ ಆರು ಗಂಟೆ. ಹೊಸಪೇಟೆಯಲ್ಲಿ ಸೂರ್ಯ ಹುಟ್ಟಲು ಇನ್ನೂ ಇಪ್ಪತ್ತು ನಿಮಿಷವಿದೆ. ಕಾಲುವೆ ಕಡೆಯಿಂದ ಆಗಷ್ಟೇ ತಂಪು ಗಾಳಿ ಬೀಸತೊಡಗಿದೆ. ರಾತ್ರಿಯಿಡೀ ಹೊರಳಾಡಿದ ಕೂಸು ಈಗ ಗಾಢ ನಿದ್ದೆಯಲ್ಲಿದೆ. ಬೆವರಿಗೆ ಅಂಟಿದ್ದ ಹಣೆಗೂದಲು ಆರುತ್ತಿದೆ, ಕೆನ್ನೆಯ ಮೇಲೆ ಕೌದಿಯ ಹೊಲಿಗೆಯ ಗೆರೆಗಳು ಅಚ್ಚಾಗಿವೆ. "ಇನ್ನಾ ಮಕ್ಕಂಡೈತಮ್ಮ, ಬಿಡು" ಎನ್ನುತ್ತಾಳೆ ಅಜ್ಜಿ. ಬಿಟ್ಟರೆ ಆಗದು, ಹಾಲು ಕುಡಿಸಿ, ಮೈ ತೊಳೆಸಿ, ಏಳೂಕಾಲಿಗೆ ಮನೆ ಬಿಡಬೇಕು. ಎತ್ತಿಕೊಂಡ ಕೂಡಲೇ ಕೂಸು ಮುಖ ಕಿವುಚಿ, ಬಳೆಗಳ ಸಮೇತ ತಾಯಿಯ ಮುಂಗೈ ಹಿಡಿದು ಅಳುತ್ತದೆ. ರಾಗಿ ಸರಿಯ ಚಮಚ ಬಾಯಿಗಿಟ್ಟರೆ ನಾಲಿಗೆಯಿಂದ ಹೊರಕ್ಕೆ ತಳ್ಳುತ್ತದೆ. ಇದು ಹಟವಲ್ಲ. ಅದರ ಮೈಯೊಳಗೆ ಇನ್ನೂ ರಾತ್ರಿ.

ಹಾಗಾದರೆ ರಾತ್ರಿ ಬೇಗ ಮಲಗಿಸಿದರಾಯಿತು ಎನ್ನುವವರು ಏಪ್ರಿಲ್‌ನ ರಾತ್ರಿ ಎಂಟಕ್ಕೆ ಇಲ್ಲಿನ ಒಂದು ಆರ್‌ಸಿಸಿ ಮನೆಗೆ ಬರಬೇಕು. ಪಡುವಣ ಗೋಡೆಗೆ ಅಂಗೈ ಇಟ್ಟರೆ ಇನ್ನೂ ಬಿಸಿ. ಹಗಲೆಲ್ಲ ನಲವತ್ತು ಡಿಗ್ರಿಯ ಬಿಸಿಲು ಕುಡಿದ ತಾರಸಿ ಈಗ ಅದನ್ನು ಒಳಕ್ಕೆ ಬಿಡುತ್ತಿರುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ, ಕರೆಂಟು ಹೋದರೆ ಅದೂ ಇಲ್ಲ. ನಿದ್ದೆ ಹತ್ತಬೇಕಾದರೆ ಮೈಯ ಕಾವು ತುಸು ಇಳಿಯಬೇಕು; ಚರ್ಮದಿಂದ ಬಿಸಿ ಹೊರಹೋಗಬೇಕು. ಈ ಕೋಣೆಯಲ್ಲಿ ಅದು ಎಲ್ಲಿಗೆ ಹೋದೀತು? ಬೇಸಿಗೆ ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ, ಆದೇಶ ಎಚ್ಚರವನ್ನು ಮುಂದಕ್ಕೆ ಎಳೆಯುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಕೂಸು. ಬಿಸಿಲ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಇದನ್ನು ಮಾತಾಡುವುದೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಹಳೆಯ ಓಣಿಗಳ ಹೆಂಗಸರಿಗೆ ಉಪಾಯ ಗೊತ್ತಿದೆ. ಹೊತ್ತು ಮುಳುಗುತ್ತಲೇ ಮಾಳಿಗೆಗೆ ನಾಲ್ಕಾರು ಕೊಡ ನೀರು ಸುರಿಯುತ್ತಾರೆ. ಮೊದಲ ಕೊಡದ ನೀರು ಬೀಳುತ್ತಲೇ ಕಾದ ಮಣ್ಣಿನ ವಾಸನೆ ಏಳುತ್ತದೆ, ನೀರು ಕಣ್ಣೆದುರೇ ಆರುತ್ತದೆ. ಎರಡನೆಯದು, ಮೂರನೆಯದು, ಎಂಟರ ಹೊತ್ತಿಗೆ ಕಾಲಿಟ್ಟರೆ ತಂಪು. ಚಾಪೆ, ಅದರ ಮೇಲೆ ತೆಳು ಬಟ್ಟೆ, ಸುತ್ತ ಸೊಳ್ಳೆ ಪರದೆ. ಕೂಸಿಗೆ ಉಗುರು ಬೆಚ್ಚಗಿನ ನೀರಿನ ಸ್ನಾನ, ತೆಳುವಾದ ಒಂದೇ ಅಂಗಿ, ಬೆನ್ನ ಮೇಲೆ ಅಂಗಾತ ಮಲಗಿಸುವುದು, ತಲೆದಿಂಬು ಬೇಡ. ಫೋನಿನ ಬೆಳಕೂ ಬೇಡ, ಕತ್ತಲೆಯಲ್ಲೇ ಮಿದುಳು ನಿದ್ದೆಯ ಮೆಲಟೋನಿನ್ ಒಸರಿಸುವುದು. ಆರು ತಿಂಗಳೊಳಗಿನ ಕೂಸಾದರೆ ಎಷ್ಟೇ ಸೆಕೆಯಿದ್ದರೂ ನೀರು ಕುಡಿಸಬಾರದು. ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ಮಂಕಾಗಿ, ಹಾಲು ಬಿಟ್ಟು, ಮೂತ್ರ ಕಡಿಮೆಯಾದ ಕೂಸಿನದು ನಿದ್ದೆಗಣ್ಣಲ್ಲ, ಬಿಸಿಲ ಬಾಧೆ. ಅಂಥದ್ದನ್ನು ಕಂಡರೆ ಆಸ್ಪತ್ರೆಗೆ ಓಡಬೇಕು.

ಕಂಪ್ಲಿಯ ಗದ್ದೆ ಬಯಲಿಗೆ ಈ ಆದೇಶದ ಹಂಗಿಲ್ಲ. ಕೂಲಿ ಹೆಂಗಸರು ಬೆಳಕು ಹರಿಯುತ್ತಲೇ ಬದುವಿನ ಮೇಲಿರುತ್ತಾರೆ. ಬೇವಿನ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು, ಪಕ್ಕದಲ್ಲಿ ತೂಗಲು ಅಕ್ಕನೋ ಅಜ್ಜಿಯೋ. ಎದ್ದು ಕೂರಲು ಕಲಿತ ಕೂಸನ್ನು ಅದರಲ್ಲಿ ಒಂಟಿಯಾಗಿ ಬಿಡುವುದು ಅಪಾಯವೆಂದು ಅವರಿಗೂ ಗೊತ್ತು. ಇಲ್ಲಿ ನಿದ್ದೆ ಸರಿಯುವುದು ಸೂರ್ಯನ ಜೊತೆ. ಜನವರಿಯಲ್ಲಿ 6.50 ದಾಟಿ ಹುಟ್ಟುವ ಸೂರ್ಯ ಮೇ ಕೊನೆಗೆ 6ಕ್ಕೆ ಮೊದಲೇ ಹುಟ್ಟುತ್ತಾನೆ. ನಾಲ್ಕು ತಿಂಗಳಲ್ಲಿ ಸುಮಾರು ಒಂದು ಗಂಟೆ, ಅದೂ ದಿನಕ್ಕೆ ಅರೆ ನಿಮಿಷದಂತೆ. ಆ ಸರಿತ ಕೂಸಿಗೆ ತಿಳಿಯುವುದೂ ಇಲ್ಲ.

ಅದೇ ದಾರಿಯನ್ನು ಪೇಟೆಯ ಮನೆಯೂ ಹಿಡಿಯಬಹುದು. ಏಳೂವರೆಗೆ ಏಳುವ ಕೂಸನ್ನು ಆರಕ್ಕೆ ಎಬ್ಬಿಸಬೇಕೆಂದರೆ ತೊಂಬತ್ತು ನಿಮಿಷ ಸರಿಸಬೇಕು. ಎರಡು ದಿನಕ್ಕೆ ಹದಿನೈದು ನಿಮಿಷದಂತೆ ಹನ್ನೆರಡು ದಿನ. ಮಾರ್ಚ್ 20ಕ್ಕೆ ಶುರುಮಾಡಿದರೆ ಸರಿಹೋಗುತ್ತದೆ. ರಾತ್ರಿಯ ನಿದ್ದೆಯೊಂದನ್ನೇ ಸರಿಸಿದರೆ ಸಾಲದು. ಊಟ, ಸ್ನಾನ, ಮಧ್ಯಾಹ್ನದ ನಿದ್ದೆ ಎಲ್ಲವೂ ಜೊತೆಗೆ ಸರಿಯಬೇಕು. ಎದ್ದ ಕೂಡಲೇ ಕೂಸನ್ನು ಅಂಗಳದ ಬೆಳಕಿಗೆ ಒಯ್ಯಬೇಕು. ಬೆಳಗಿನ ಬೆಳಕಿಗಿಂತ ಗಟ್ಟಿಯಾದ ಸೂಚನೆ ಮೈಗೆ ಮತ್ತೊಂದಿಲ್ಲ. ಎರಡು ತಿಂಗಳೂ ತುಂಬದ ಹಸುಗೂಸಿಗೆ ಇದಾವುದೂ ಬೇಡ, ಹಗಲಿರುಳಿನ ಲೆಕ್ಕವೇ ಅದಕ್ಕಿನ್ನೂ ಕೂಡಿರುವುದಿಲ್ಲ.

ಸಂಡೂರಿನ ಕಡೆ ಬೇರೆಯದೇ ಕಥೆ. ಗಣಿ, ಕಾರ್ಖಾನೆಗಳ ಮನೆಗಳಲ್ಲಿ ಅಪ್ಪನ ಶಿಫ್ಟು ವಾರವಾರ ಬದಲಾಗುತ್ತದೆ. ಅಲ್ಲಿ ತಾಯಂದಿರು ಕೂಸಿನ ವೇಳೆಯನ್ನು ಅಪ್ಪನ ವೇಳೆಗೆ ಕಟ್ಟಿಹಾಕುವುದಿಲ್ಲ. ದಿನಚರಿ ಒಮ್ಮೊಮ್ಮೆ ಹಬ್ಬಕ್ಕೂ ತಪ್ಪುತ್ತದೆ: ಚೈತ್ರದಲ್ಲಿ ಹಂಪಿಯ ತೇರು. ವಿರೂಪಾಕ್ಷನ ರಥಬೀದಿಯ ಗದ್ದಲದಲ್ಲಿ ಕೂಸು ಒಂದು ರಾತ್ರಿ ಹನ್ನೊಂದರವರೆಗೆ ಎದ್ದಿದ್ದರೆ ಗಾಬರಿ ಬೇಡ. ಮರುದಿನ ಎಂದಿನ ಹೊತ್ತಿಗೇ ಎಬ್ಬಿಸಿದರೆ ಆಯಿತು.

ಈ ಎರಡು ತಿಂಗಳಲ್ಲಿ ಕೂಸಿಗೆ ಸಿಗುವ ಲಾಭವೂ ಒಂದಿದೆ. ಎರಡು ಗಂಟೆಗೆ ಅಮ್ಮ ಮನೆಯಲ್ಲಿರುತ್ತಾಳೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ತಣ್ಣನೆಯ ಬಂಡೆ ಹಾಸಿನ ನಡುಮನೆಯಲ್ಲಿ ಇಬ್ಬರೂ ಮಲಗುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾತ್ರಿ ಕಳೆದುಕೊಂಡದ್ದರಲ್ಲಿ ಒಂದಿಷ್ಟು ಇಲ್ಲಿ ಕೂಡಿಬರುತ್ತದೆ. ಮೂರೂವರೆ ದಾಟಿಸಬಾರದು, ದಾಟಿದರೆ ರಾತ್ರಿಯ ನಿದ್ದೆ ಕೆಡುತ್ತದೆ.

ಜೂನ್‌ನಲ್ಲಿ ಕಚೇರಿ ಮತ್ತೆ ಹತ್ತಕ್ಕೆ. ಮೊದಲ ಮಳೆಗೆ ಗೋಡೆಗಳು ತಣಿದಿರುತ್ತವೆ, ಕೂಸು ತಾನಾಗಿ ತುಸು ಹೆಚ್ಚು ಮಲಗುತ್ತದೆ. ಮರಳುವ ದಾರಿ ಸುಲಭ. ಕಷ್ಟವಿರುವುದು ಏಪ್ರಿಲ್‌ನ ಮೊದಲ ವಾರದಲ್ಲಿ. ಬಿಸಿಲು ಪ್ರತಿ ವರ್ಷ ಬರುತ್ತದೆ, ಆದೇಶವೂ ಬರುತ್ತದೆ. ಅದು ಮಾರ್ಚ್ 15ರೊಳಗೆ ಹೊರಡಲಿ, ಎಳೆಗೂಸಿನ ತಾಯಿಗೆ ಮೊದಲ ವಾರ ಅರ್ಧ ಗಂಟೆಯ ವಿನಾಯಿತಿ ಅದರಲ್ಲೇ ಸೇರಿರಲಿ ಎಂದು ಈ ಭಾಗದ ಅಧಿಕಾರಿಗಳನ್ನೂ ನೌಕರರ ಸಂಘಗಳನ್ನೂ ಕೇಳಿಕೊಳ್ಳುತ್ತೇನೆ.