ಕತ್ತಲಲ್ಲಿ ಬೆಳಗುವ ಕೊಬ್ಬಿನ ಹನಿಗಳು

ಸಾರಿಗೆ ಒಗ್ಗರಣೆ ಕೊಟ್ಟಾಗ ಎಣ್ಣೆಯು ನೀರಿನೊಡನೆ ಬೆರೆಯದೆ ದುಂಡು ಹನಿಗಳಾಗಿ ತೇಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ದೇಹದ ಜೀವಕೋಶಗಳೂ ಕೊಬ್ಬನ್ನು ಹೀಗೆಯೇ ಪುಟ್ಟ ಹನಿಗಳಾಗಿ ಕೂಡಿಡುತ್ತವೆ. ಇದು ಕಷ್ಟಕಾಲಕ್ಕೆಂದು ಕಣಜದಲ್ಲಿಟ್ಟ ಧಾನ್ಯದಂತೆ, ಮಿತಿಯಲ್ಲಿದ್ದರೆ ಒಳ್ಳೆಯದೇ. ಆದರೆ ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಕೋಶಗಳು ಇಂಥ ಹನಿಗಳಿಂದ ತುಂಬಿದರೆ ವೈದ್ಯರು ಅದನ್ನು ವ್ಯಾಧಿಯ ಲಕ್ಷಣವೆಂದು ಎಣಿಸುತ್ತಾರೆ. ಮದ್ಯವನ್ನು ಮುಟ್ಟದವರಿಗೂ ಇದು ಬರುವುದುಂಟು. ಬಹುಕಾಲ ನೋವನ್ನೇ ತೋರದೆ ಬೂದಿ ಮುಚ್ಚಿದ ಕೆಂಡದಂತೆ ಇದ್ದುಬಿಡುತ್ತದೆ.

ಈ ಹನಿಗಳನ್ನು ಕಣ್ಣಾರೆ ಕಾಣುವುದೆಂತು? ಇಲ್ಲೊಂದು ತೊಡಕುಂಟು. ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾದ ಅಂಗದ ತುಣುಕನ್ನು ಸಾಮಾನ್ಯವಾಗಿ ಮದ್ಯಸಾರ, ಜೈಲೀನ್ ಎಂಬ ದ್ರವಗಳಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ಯುತ್ತಾರೆ. ಸೀಗೆಪುಡಿಯು ತಲೆಯ ಎಣ್ಣೆಯನ್ನು ತೆಗೆಯುವಂತೆ ಆ ದ್ರವಗಳು ಕೊಬ್ಬನ್ನು ಕರಗಿಸಿ ಒಯ್ಯುತ್ತವೆ. ಕಳ್ಳನು ಹೋಗಿ ಹೆಜ್ಜೆಯ ಗುರುತು ಉಳಿದಂತೆ, ಹನಿಯಿದ್ದೆಡೆ ಬರಿಯ ತೂತು ಉಳಿಯುತ್ತದೆ. ದೊಡ್ಡ ತೂತು ಕಣ್ಣಿಗೆ ಬೀಳುತ್ತದೆ. ಬಲು ಸಣ್ಣವು ಲೆಕ್ಕಕ್ಕೆ ತಪ್ಪಬಹುದು.

ಆದ್ದರಿಂದ ಸಂಶೋಧಕರು ತುಣುಕನ್ನು ಹೆಪ್ಪುಗಟ್ಟಿಸಿ ಕೊಯ್ದು, ಕೊಬ್ಬನ್ನು ಉಳಿಸಿಕೊಂಡು, ಅದಕ್ಕೆ ಹೊಳೆಯುವ ಬಣ್ಣವನ್ನು ಹಚ್ಚುತ್ತಾರೆ. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಬೇರೊಂದು ಬಣ್ಣದ ಬೆಳಕನ್ನು ಒಡನೆಯೇ ಹೊರಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿಯೆಂದು ಹೆಸರು. 1985ರಲ್ಲಿ ಅಮೆರಿಕದ ಗ್ರೀನ್‌ಸ್ಪ್ಯಾನ್, ಮೇಯರ್, ಫೌಲರ್ ಎಂಬ ವಿಜ್ಞಾನಿಗಳು ‘ನೈಲ್ ರೆಡ್’ ಎಂಬ ಬಣ್ಣವು ಈ ಕೆಲಸಕ್ಕೆ ಒದಗುವುದೆಂದು ತೋರಿಸಿದರು. ನೀರಿನಲ್ಲಿ ಅದು ಮಂಕಾಗಿರುತ್ತದೆ. ಕೊಬ್ಬನ್ನು ಸೇರಿದೊಡನೆ ಬೆಳಗುತ್ತದೆ. ನೀಲಿ ಬೆಳಕನ್ನು ಹಾಯಿಸಿದರೆ ಕೊಬ್ಬಿನ ಹನಿಗಳು ಕತ್ತಲ ಹಿನ್ನೆಲೆಯಲ್ಲಿ ಹೊಂಬಣ್ಣದ ಚುಕ್ಕೆಗಳಾಗಿ ಮೂಡುತ್ತವೆ. ಬೋಡಿಪಿ ಎಂಬ ವರ್ಗದ ಬಣ್ಣಗಳೂ ಈಗ ಬಳಕೆಯಲ್ಲಿವೆ. ಬದುಕಿರುವ ಕೋಶದಲ್ಲಿಯೂ ಇವುಗಳಿಂದ ಹನಿಗಳನ್ನು ನೋಡಬಹುದು.

ಇವು ರೋಗಿಯು ಕುಡಿಯುವ ಔಷಧಗಳೆಂದು ಯಾರೂ ಭಾವಿಸಬಾರದು, ಪ್ರಯೋಗಶಾಲೆಯ ಸಾಧನಗಳು. ಹನಿಗಳೆಷ್ಟು, ಅವುಗಳ ಗಾತ್ರವೆಷ್ಟು, ಹೊಸ ಮದ್ದೊಂದನ್ನು ಕೊಟ್ಟ ಮೇಲೆ ಅವು ಕುಗ್ಗಿದವೇ ಎಂಬುದನ್ನು ಅಳೆಯಲು ಇವು ನೆರವಾಗುತ್ತವೆ. ಈ ಅಳತೆಗೆ ಬೆಲೆ ಬರುವುದು ಒಂದು ಕಾರಣದಿಂದ. ಯಕೃತ್ತು ಬರಿಯ ಕೊಬ್ಬಿನಿಂದ ತುಂಬಿರುವಾಗ, ತೂಕವನ್ನು ಇಳಿಸಿ, ಆಹಾರವಿಹಾರಗಳನ್ನು ತಿದ್ದಿಕೊಂಡರೆ ಅದು ಮತ್ತೆ ಚೇತರಿಸಿಕೊಳ್ಳಬಲ್ಲುದು. ಉರಿಯೂತವೆದ್ದು, ಅಂಗವೆಲ್ಲ ಕಲೆಗಟ್ಟಿ ಗಡುಸಾದ ಮೇಲೆ ಹಿಂದಿನ ಸ್ಥಿತಿಗೆ ಮರಳುವುದು ಬಲು ಕಷ್ಟ. ಕೆಂಡವು ಬೂದಿಯೊಳಗಿರುವಾಗಲೇ ಅದನ್ನು ಕಂಡುಕೊಳ್ಳುವುದು ಜಾಣತನ.