ಅವಳಿಯ ಹಾರೈಕೆ ಮತ್ತು ವೈದ್ಯರ ಲೆಕ್ಕ

ಮಕ್ಕಳಾಗದ ದಂಪತಿಗಳು ಚಿಕಿತ್ಸೆಗೆಂದು ಮಂಗಳೂರಿಗೋ ಕಲ್ಲಿಕೋಟೆಗೋ ಹೊರಟರೆ ಮನೆಯ ಹಿರಿಯರು ಹೇಳುವ ಮಾತೊಂದಿದೆ: "ಅವಳಿಯಾದರೆ ಒಳ್ಳೆಯದೇ, ಒಂದೇ ಖರ್ಚಿನಲ್ಲಿ ಎರಡಾಯಿತು." ಒಡವೆ ಅಡವಿಟ್ಟು ಹಣ ಹೊಂದಿಸಿದವರಿಗೆ ಹಾಗೆನ್ನಿಸುವುದು ಸಹಜವೇ. ಆದರೆ ವೈದ್ಯರ ಲೆಕ್ಕ ಬೇರೆ.

ಅವಳಿಗಳಲ್ಲಿ ಸುಮಾರು ಅರ್ಧದಷ್ಟು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತ್ರಿವಳಿಗಳ ಸ್ಥಿತಿ ಇನ್ನೂ ಕಷ್ಟ. ತೂಕ ಸಾಲದೆ, ಶ್ವಾಸಕೋಶ ಬಲಿಯದೆ ಎಷ್ಟೋ ಶಿಶುಗಳು ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇರಬೇಕಾಗುತ್ತದೆ. ತಾಯಿಗೆ ರಕ್ತದ ಒತ್ತಡ, ಹೆರಿಗೆಯ ನಂತರದ ರಕ್ತಸ್ರಾವ ಇವುಗಳ ಅಪಾಯವೂ ಹೆಚ್ಚು. ಉಳಿಯಿತೆಂದುಕೊಂಡ ಹಣ ಅಲ್ಲಿಗೇ ಹೋಗುತ್ತದೆ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮಿನಲ್ಲಿ ಜನಿಸಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಒಂದೇ ಅಂಡದಿಂದ ಆದವಳು. ಚುಚ್ಚುಮದ್ದು ಕೊಟ್ಟು ಹಲವು ಅಂಡಗಳನ್ನು ಪಡೆದು, ಎರಡು ಮೂರು ಭ್ರೂಣಗಳನ್ನು ಒಟ್ಟಿಗೇ ಗರ್ಭಕೋಶದಲ್ಲಿ ಇಡುವ ಪದ್ಧತಿ ಆಮೇಲೆ ಬೆಳೆಯಿತು. ನೇಜಿ ನೆಡುವಾಗ ಒಂದು ಹೋದರೂ ಇನ್ನೊಂದಿರಲಿ ಎಂದು ಎರಡು ಸೇರಿಸಿ ಊರುತ್ತೇವಲ್ಲ, ಹಾಗೆ. 2009ರಲ್ಲಿ ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬಳು ಎಂಟು ಮಕ್ಕಳನ್ನು ಹೆತ್ತಾಗ ಜಗತ್ತು ಬೆರಗಾಯಿತು. ಆಕೆಗೆ 12 ಭ್ರೂಣಗಳನ್ನಿಟ್ಟ ವೈದ್ಯ 2011ರಲ್ಲಿ ಪರವಾನಗಿ ಕಳೆದುಕೊಂಡ.

ಎರಡಿಟ್ಟರೆ ಭಾಗ್ಯ ಇಮ್ಮಡಿಯೇ? ಸ್ವೀಡನ್ನಿನ ವೈದ್ಯರು ನೆರೆ ದೇಶಗಳವರೊಡನೆ ಸೇರಿ 36 ವರ್ಷದೊಳಗಿನ 661 ಸ್ತ್ರೀಯರಲ್ಲಿ ಇದನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಎರಡು ಭ್ರೂಣ ಒಮ್ಮೆಗೇ. ಇನ್ನೊಂದಕ್ಕೆ ಮೊದಲು ಒಂದೇ. ಫಲಿಸದಿದ್ದರೆ ಶೀತಲೀಕರಿಸಿಟ್ಟ ಮತ್ತೊಂದು. ಮಗು ಪಡೆದವರು ಮೊದಲ ಗುಂಪಿನಲ್ಲಿ ನೂರಕ್ಕೆ 42.9, ಎರಡನೆಯದರಲ್ಲಿ 38.8. ಆದರೆ ಆ ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಾದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 33.1, ಎರಡನೆಯದರಲ್ಲಿ 0.8! ಒಂದೇ ಭ್ರೂಣ ತಾನಾಗಿ ಒಡೆದು ಅವಳಿಯಾಗುವುದೂ ಉಂಟು. ಅದು ಯಾರ ಕೈಯಲ್ಲೂ ಇಲ್ಲ. ಹತ್ತನೆಯ ತರಗತಿಯ ಮಕ್ಕಳ ಮುಂದೆ ಈ ಅಂಕೆಗಳನ್ನಿಟ್ಟರೂ ಯಾವ ದಾರಿ ಮೇಲೆಂದು ಹೇಳಿಯಾರು.

ಬೆಲ್ಜಿಯಂ ಸರಕಾರ ಇನ್ನೂ ಜಾಣತನ ತೋರಿತು. 2003ರಿಂದ ಆರು ಬಾರಿಯ ಪ್ರಯೋಗಾಲಯದ ವೆಚ್ಚವನ್ನು ತಾನೇ ವಹಿಸಿಕೊಂಡು, 36ರೊಳಗಿನವರಿಗೆ ಮೊದಲ ಸಲ ಒಂದೇ ಭ್ರೂಣ ಎಂಬ ಷರತ್ತು ಹಾಕಿತು. ದುಡ್ಡಿನ ಭಯವಿಲ್ಲದವರು ಒಂದಕ್ಕೆ ಒಪ್ಪುವುದು ಸುಲಭ. ನಮ್ಮಲ್ಲಿ ಬಹುಪಾಲು ಖರ್ಚು ಸ್ವಂತ ಕಿಸೆಯಿಂದಲೇ ಆದ್ದರಿಂದ "ಎರಡೇ ಇಡಿ ಡಾಕ್ಟರೇ" ಎಂದು ದಂಪತಿಗಳೇ ದುಂಬಾಲು ಬೀಳುವುದುಂಟು.

ವಯಸ್ಸು ಮೀರಿದವರಿಗೆ, ಭ್ರೂಣ ದುರ್ಬಲವಾದವರಿಗೆ ವೈದ್ಯರು ಎರಡು ಇಡಬಹುದು. ಆ ತೀರ್ಮಾನ ಅವರದು. ಬರಿಯ ಮಾತ್ರೆ, ಚುಚ್ಚುಮದ್ದಿನ ಚಿಕಿತ್ಸೆಯಲ್ಲೂ ಸ್ಕ್ಯಾನಿಂಗ್ ತಪ್ಪಿಸಬಾರದು. ಅಂಡಗಳು ಹಲವು ಬಲಿತಿದ್ದರೆ ಆ ತಿಂಗಳ ಪ್ರಯತ್ನವನ್ನೇ ಕೈಬಿಡುವುದು ಕ್ಷೇಮ.

2021ರ ಕಾಯಿದೆಯಂತೆ ಚಿಕಿತ್ಸೆಗೆ ಲಿಖಿತ ಒಪ್ಪಿಗೆ ಕಡ್ಡಾಯ. ಕಾಗದ ಇಂಗ್ಲೀಷಿನಲ್ಲೋ ಮಲೆಯಾಳದಲ್ಲೋ ಇದ್ದರೆ ಓದಿಸಿಕೊಂಡು ರುಜು ಹಾಕಿ. ಎಷ್ಟು ಭ್ರೂಣ ಇಡುತ್ತೀರಿ, ಉಳಿದದ್ದನ್ನು ಶೀತಲೀಕರಿಸಿ ಇಡುತ್ತೀರಾ, ಅದಕ್ಕೆ ವರ್ಷಕ್ಕೆಷ್ಟು ಎಂದು ರುಜುವಿಗೆ ಮೊದಲೇ ಕೇಳಿ.