ಮದ್ಯಪಾನ ಚಾಲನೆಯ ಶಿಕ್ಷೆ ಮತ್ತು ಬಾಡಿಗೆ ಮನೆ

ಮದ್ಯಪಾನ ಮಾಡಿ ವಾಹನ ಚಲಾಯಿಸಿದ ಅಪರಾಧಕ್ಕೆ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದ ವ್ಯಕ್ತಿಯು ಬಾಡಿಗೆ ಮನೆ ಪಡೆಯುವುದಕ್ಕೆ ಭಾರತದ ಯಾವುದೇ ಕೇಂದ್ರ ಕಾನೂನು ನಿಷೇಧ ಹೇರಿಲ್ಲ. ಆದರೆ ಮನೆ ಕೊಡುವುದೂ ಬಿಡುವುದೂ ಬಹುಮಟ್ಟಿಗೆ ಮಾಲೀಕರ ಇಚ್ಛೆಗೆ ಬಿಟ್ಟದ್ದಾಗಿರುವುದರಿಂದ ಇಂತಹ ದಾಖಲೆಯು ವ್ಯವಹಾರದಲ್ಲಿ ಅಡ್ಡಿಯಾಗಬಹುದು. ಕರ್ನಾಟಕದಲ್ಲಿ ಈ ವಿಷಯವು ಮೋಟಾರು ವಾಹನ ಕಾಯ್ದೆ, ಕರಾರು ಕಾಯ್ದೆ ಮತ್ತು ಬಾಡಿಗೆಗೆ ಸಂಬಂಧಿಸಿದ ಕಾನೂನುಗಳ ವ್ಯಾಪ್ತಿಗೆ ಬರುತ್ತದೆ.

ಅಪರಾಧದ ಸ್ವರೂಪ

ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವುದು ಉಸಿರಾಟ ಪರೀಕ್ಷೆಯಲ್ಲಿ ಕಂಡುಬಂದರೆ ಅದು ಅಪರಾಧವಾಗುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಎರಡನೆಯ ಅಥವಾ ನಂತರದ ಅಪರಾಧಕ್ಕೆ 2 ವರ್ಷದವರೆಗಿನ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ ಅನ್ವಯಿಸುತ್ತವೆ. ಶಿಕ್ಷೆಯ ಜೊತೆಗೆ ನ್ಯಾಯಾಲಯವು 20ನೇ ಕಲಮಿನಡಿ ಕನಿಷ್ಠ 6 ತಿಂಗಳು ವಾಹನ ಚಾಲನೆಗೆ ಅನರ್ಹತೆಯನ್ನು ಆದೇಶಿಸಬೇಕಾಗುತ್ತದೆ.

ಹೆಲ್ಮೆಟ್ ಧರಿಸದಿರುವಂತಹ ಉಲ್ಲಂಘನೆಗಳಲ್ಲಿ ಪೊಲೀಸರಿಗೆ ಸ್ಥಳದಲ್ಲಿಯೇ ದಂಡ ಕಟ್ಟಿ ಪ್ರಕರಣ ಮುಗಿಸಿಕೊಳ್ಳಬಹುದು. 185ನೇ ಕಲಮಿನ ಅಪರಾಧವನ್ನು ಹಾಗೆ ರಾಜಿ ಮಾಡಿಕೊಳ್ಳಲು ಅವಕಾಶವಿಲ್ಲ. ಪ್ರಕರಣ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುವುದನ್ನು ಅನೇಕರು ಚಲನ್ ಕಟ್ಟಿದಂತೆಯೇ ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಅಪರಾಧ ನಿರ್ಣಯವೇ ಆಗಿದೆ. ಪ್ರಕರಣ ಇನ್ನೂ ವಿಚಾರಣೆಯಲ್ಲಿದ್ದರೆ ಆ ವ್ಯಕ್ತಿ ಆರೋಪಿ ಮಾತ್ರ, ಅಪರಾಧಿಯಲ್ಲ.

ಮಾಲೀಕರ ಆಯ್ಕೆ

ಸಂವಿಧಾನದ 15ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ ಮತ್ತು ಜನ್ಮಸ್ಥಳದ ಆಧಾರದ ಮೇಲೆ ರಾಜ್ಯವು ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಅಪರಾಧ ದಾಖಲೆ ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಖಾಸಗಿ ಮಾಲೀಕರು ಹಳೆಯ ಶಿಕ್ಷೆಯ ಕಾರಣಕ್ಕೆ ಮನೆ ನಿರಾಕರಿಸಿದರೆ ಅದನ್ನು ಪ್ರಶ್ನಿಸಲು ನೇರವಾದ ಕಾನೂನು ಮಾರ್ಗ ಇಲ್ಲ.

ಬೆಂಗಳೂರಿನಂತಹ ನಗರಗಳಲ್ಲಿ ಮಾಲೀಕರು ಗುರುತಿನ ಚೀಟಿ, ಉದ್ಯೋಗದ ವಿವರ ಹಾಗೂ ಕೆಲವೊಮ್ಮೆ ಪೊಲೀಸ್ ಪರಿಶೀಲನೆಯನ್ನು ಕೇಳುವುದುಂಟು. ಬೀಳಗಿ ತಾಲ್ಲೂಕಿನ ಬಾಡಗಂಡಿಯಂತಹ, ಸಕ್ಕರೆ ಕಾರ್ಖಾನೆ ಮತ್ತು ವೈದ್ಯಕೀಯ ಕಾಲೇಜಿನಿಂದಾಗಿ ಹೊರಗಿನವರೂ ಬಂದು ನೆಲೆಸುವ ಊರುಗಳಲ್ಲಿ ಪರಿಚಿತರ ಮಾತೇ ಹೆಚ್ಚಾಗಿ ಪ್ರಮಾಣಪತ್ರದ ಕೆಲಸ ಮಾಡುತ್ತದೆ. ಇಂತಹ ಕಡೆ ಕಾಗದದ ದಾಖಲೆಗಿಂತ ಊರಿನಲ್ಲಿ ಹಬ್ಬಿದ ಸುದ್ದಿ ಬಾಡಿಗೆದಾರನಿಗೆ ಹೆಚ್ಚು ತೊಡಕಾಗಬಹುದು.

ತಿಳಿಸುವ ಹೊಣೆ

ಭಾರತೀಯ ಕರಾರು ಕಾಯ್ದೆ, 1872ರ 17ನೇ ಕಲಮಿನ ವಿವರಣೆಯ ಪ್ರಕಾರ, ಮಾತನಾಡಲೇಬೇಕಾದ ಕರ್ತವ್ಯವಿಲ್ಲದ ಸಂದರ್ಭದಲ್ಲಿ ಕೇವಲ ಮೌನವಾಗಿರುವುದು ವಂಚನೆಯಲ್ಲ. ಹೀಗಾಗಿ ಮಾಲೀಕರು ಕೇಳದಿದ್ದಾಗ ಹಳೆಯ ಶಿಕ್ಷೆಯನ್ನು ತಾನಾಗಿ ಹೇಳದಿರುವುದು ಸಾಮಾನ್ಯವಾಗಿ ವಂಚನೆ ಎನಿಸುವುದಿಲ್ಲ. ಆದರೆ ನೇರವಾಗಿ ಕೇಳಿದಾಗ ಅಥವಾ ಅರ್ಜಿ ನಮೂನೆಯಲ್ಲಿ ಸುಳ್ಳು ಬರೆದರೆ ಸ್ಥಿತಿ ಬದಲಾಗುತ್ತದೆ. ಸುಳ್ಳಿನಿಂದ ಪಡೆದ ಒಪ್ಪಿಗೆಯ ಮೇಲೆ ನಿಂತ ಕರಾರನ್ನು 19ನೇ ಕಲಮಿನಡಿ ಮಾಲೀಕರು ರದ್ದುಪಡಿಸಲು ಕೋರಬಹುದು. ಆದುದರಿಂದ ಶಿಕ್ಷೆಗಿಂತ ಅದನ್ನು ಮುಚ್ಚಿಡಲು ಹೇಳಿದ ಸುಳ್ಳೇ ಬಾಡಿಗೆದಾರನಿಗೆ ಹೆಚ್ಚು ಅಪಾಯಕಾರಿ.

ಚಾಲನಾ ಪರವಾನಗಿ ಅಮಾನತಿನಲ್ಲಿರುವಾಗ ಗುರುತಿಗಾಗಿ ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯನ್ನು ನೀಡಬಹುದು. ದಂಡ ಕಟ್ಟಿದ ರಸೀದಿ ಮತ್ತು ನ್ಯಾಯಾಲಯದ ಆದೇಶದ ಪ್ರತಿ ಇಟ್ಟುಕೊಂಡಿದ್ದರೆ ಪ್ರಕರಣ ಮುಗಿದಿರುವುದನ್ನೂ, ಅಪಘಾತ ಅಥವಾ ಪ್ರಾಣಹಾನಿ ಸಂಭವಿಸಿಲ್ಲ ಎಂಬುದನ್ನೂ ತೋರಿಸಲು ಅನುಕೂಲವಾಗುತ್ತದೆ.

ವಾಸದಲ್ಲಿರುವಾಗ ಶಿಕ್ಷೆಯಾದರೆ

ಬಾಡಿಗೆದಾರನಿಗೆ ಮನೆಯ ಹೊರಗಿನ ಇಂತಹ ಅಪರಾಧಕ್ಕೆ ಶಿಕ್ಷೆಯಾಯಿತೆಂಬ ಮಾತ್ರಕ್ಕೆ ಕರಾರು ತಾನಾಗಿ ಕೊನೆಗೊಳ್ಳುವುದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ, 1882ರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಾಗ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸ್ ಬೇಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುವ ಕಟ್ಟಡಗಳಲ್ಲಿ ಆ ಕಾಯ್ದೆಯಲ್ಲಿ ಹೇಳಿದ ಕಾರಣಗಳಿಗಾಗಿ ಮಾತ್ರ ನ್ಯಾಯಾಲಯವು ತೆರವಿಗೆ ಆದೇಶಿಸಬಹುದು. ಮಾಲೀಕರು ಬೀಗ ಬದಲಿಸಿ ಅಥವಾ ಸಾಮಾನು ಹೊರಹಾಕಿ ಕಾನೂನುಬಾಹಿರವಾಗಿ ತೆರವುಗೊಳಿಸಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಮಿನಡಿ 6 ತಿಂಗಳೊಳಗೆ ಸ್ವಾಧೀನವನ್ನು ಮರಳಿ ಪಡೆಯಲು ದಾವೆ ಹೂಡಬಹುದು.

ದಾಖಲೆಯ ಆಯುಷ್ಯ

ವಯಸ್ಕರ ಶಿಕ್ಷೆಯ ದಾಖಲೆಯನ್ನು ಇಂತಿಷ್ಟು ವರ್ಷಗಳ ನಂತರ ಅಳಿಸಬೇಕೆಂಬ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಬ್ರಿಟನ್ನಿನಲ್ಲಿ 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆಯ ಪ್ರಕಾರ ನಿಗದಿತ ಅವಧಿ ಕಳೆದ ಮೇಲೆ ಅನೇಕ ಶಿಕ್ಷೆಗಳನ್ನು ಮುಗಿದವೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ ಸೀಮಿತ ರಕ್ಷಣೆಗಳಿವೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ 3 ಅಥವಾ 4ನೇ ಕಲಮಿನಡಿ ಬಿಡುಗಡೆಯಾದವರಿಗೆ, ಶಿಕ್ಷೆಯಿಂದ ಉಂಟಾಗುವ ಅನರ್ಹತೆಗಳು ಅನ್ವಯಿಸದಂತೆ 12ನೇ ಕಲಮು ರಕ್ಷಣೆ ನೀಡುತ್ತದೆ. ಬಾಲನ್ಯಾಯ ಕಾಯ್ದೆ, 2015ರ 24ನೇ ಕಲಮು ಮಕ್ಕಳಿಗೆ ಇಂತಹುದೇ ರಕ್ಷಣೆ ಕೊಡುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಆದರೆ ಆ ತೀರ್ಪು ಶಿಕ್ಷೆಯ ದಾಖಲೆಯನ್ನು ತಾನಾಗಿ ಅಳಿಸಿಹಾಕುವುದಿಲ್ಲ.